ಕಡ ತಂದ ಕಫ

ಈ ಜನ ಕೇಳಿದರೆ ಒಡವೆ ಕೊಟ್ಟಾರು, ಮನೆ ಪತ್ರ ಕೊಟ್ಟಾರು, ಒಂದು ಡಬ್ಬಿ ಕಫ ಮಾತ್ರ ಕೊಡಲಾರರು. ಮೊದಲು ನಂಜನಗೂಡಲ್ಲಿ, ಈಗ ತಿ. ನರಸೀಪುರದಲ್ಲಿ, ಆಸ್ಪತ್ರೆ ಲ್ಯಾಬಿನಲ್ಲಿ ಕಫ ಪರೀಕ್ಷೆ ಮಾಡೋದೇ ನನ್ನ ಹೊಟ್ಟೆಪಾಡು. ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡರೆ ‘ಕಫದ ಮೇಡಮ್ಮ ಬಂದ್ರು’ ಅಂತಾರೆ. ನನ್ನ ಯಜಮಾನರನ್ನು ‘ಕಫದ ಮೇಡಮ್ಮನ ಯಜಮಾನ್ರು’ ಅಂತಾರೆ, ಅವರು ಮೇಷ್ಟ್ರು, ಅವರಿಗೆ ಅದೊಂದು ಕೊರಗು.

ಟಿಬಿ ಅನ್ನೋದು ಕಂಡುಹಿಡಿದರೆ ಮಾತ್ರೆಗೆ ಬಗ್ಗುತ್ತೆ, ಬಚ್ಚಿಟ್ಟರೆ ಮಣ್ಣಿಗೆ ಕರೆದುಕೊಂಡು ಹೋಗುತ್ತೆ. ಬದುಕೋದಕ್ಕೂ ಸಾಯೋದಕ್ಕೂ ನಡುವೆ ಇರೋದು ಎದೆಯಾಳದಿಂದ ಕೆಮ್ಮಿ ತುಂಬೋ ಆ ಡಬ್ಬಿ. ಅಷ್ಟಕ್ಕೆ ಇವರು ಆಡೋ ಆಟ ಒಂದಾ ಎರಡಾ! ನಗಬೇಕೋ ಅಳಬೇಕೋ ಗೊತ್ತಾಗದೆ ನಾನು ಸಾಮಾನ್ಯವಾಗಿ ಬಯ್ಯುತ್ತೇನೆ.

ತಾತನ ಶೋಕಿ

ಚಿಕ್ಕಯ್ಯನಛತ್ರದ ಕಡೆಯ ಒಬ್ಬ ತಾತನನ್ನು ಸೊಸೆ ಕರೆದುಕೊಂಡು ಬಂದಳು. ತಾತ ಕೂರೋ ಮುಂಚೆಯೇ ಅವಳ ದೂರು ಶುರು.

“ನೋಡಿ ಮೇಡಮ್ಮ, ನಮ್ ಮಾವ್ನೋರು ಒಂದಿನ ಎಲೆ ಅಡಿಕೆ ಮುಟ್ದೋರಲ್ಲ. ಈಗ ಈ ವಯಸ್ಸಲ್ಲಿ ಶೋಕಿ! ಒತ್ತಾರೆ ಎದ್ರೆ ಬಾಯ್ತುಂಬ ಎಲೆ. ಗೋಡೆ ಕೆಂಪು, ಜಗಲಿ ಕೆಂಪು, ದಿಂಬು ಕೆಂಪು. ಉಜ್ಜಿ ಉಜ್ಜಿ ನನ್ ಕೈ ಬಿದ್ದೋಯ್ತು.”

ತಾತ ಕೊಟ್ಟ ಡಬ್ಬಿಯೂ ಕೆಂಪು. “ಬಾಯಿ ತೊಳ್ಕೊಂಡು ಕೊಡಿ ತಾತ, ನಾನು ನೋಡಬೇಕಾದ್ದು ಕಫ, ಸುಣ್ಣ ಅಡಿಕೆ ಅಲ್ಲ” ಅಂತ ರೇಗಿದೆ. ಪಾಪ, ನಲ್ಲಿ ಹತ್ತಿರ ಹೋಗಿ ಮುಕ್ಕಳಿಸಿ ಬಂದು ಮತ್ತೆ ಕೆಮ್ಮಿ ಕೊಟ್ಟರು. ಆಗಲೂ ಕೆಂಪು. “ಎಲ್ಲಿ, ಬಾಯಿ ತೆಗೀರಿ” ಅಂದೆ. ಬಾಯೊಳಗೆ ಒಂದು ಚೂರು ಎಲೆ ಇಲ್ಲ.

ಸೊಸೆಯನ್ನು ಟೀ ತರಲು ಕಳಿಸಿದೆ. ತಾತ ಮೆಲ್ಲಗೆ ಹೇಳಿದರು. “ಎಲೆ ಆಕ್ಕೊಂಡ್ರೆ ಎಲ್ಡೂ ಒಂದೇ ಬಣ್ಣ ಅಲ್ವಾ ಮಗ? ರಕ್ತ ಅಂತ ಗೊತ್ತಾದ್ರೆ ಮೊಮ್ಮಕ್ಕಳ್ನ ನನ್ನತ್ರ ಬಿಡಾಕಿಲ್ಲ ಅವ್ಳು.”

ಮಕ್ಕಳ ಮೇಲಿನ ಆಸೆಗೆ ಆ ಮಕ್ಕಳ ಮುಂದೆಯೇ ಕೆಮ್ಮುತ್ತ ಕೂತಿದ್ದ ಮುದುಕನಿಗೆ ಏನಂತ ಬಯ್ಯೋದು? ಟೀ ಹಿಡಿದುಕೊಂಡು ಬಂದ ಸೊಸೆಗೆ ವಿಷಯ ಹೇಳಿ, ಮಕ್ಕಳನ್ನೂ ಪರೀಕ್ಷೆಗೆ ಕರೆತರಲು ಹೇಳಿದೆ. ಅವಳು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. “ರಕ್ತ ಅಂತ ಒಂದ್ ಮಾತು ಯೋಳಿದ್ರೆ ನಾ ಅಂಗೆಲ್ಲ ಬಯ್ತಿದ್ನಾ ಮಾವ?”

ತಾತನ ಮುಖ ಅರಳಿತು. “ಅಂಗಾರೆ ಎಲೆ ಅಡಿಕೆ ಬಿಟ್ಬುಡ್ಲಾ ತಾಯಿ? ನಾಲ್ಗೆ ಎಲ್ಲಾ ಬೆಂದೋಗದೆ. ಅದ್ಯಾಕೆ ಜನ ತಿಂತಾರೋ, ನಂಗಂತೂ ಸೇರಾಕಿಲ್ಲ.”

ಪ್ರಸಾದ ಊಟವಲ್ಲ

ಚಿಕ್ಕ ಮಕ್ಕಳಿಗೆ ಕಫ ಉಗುಳೋಕೆ ಬರೋದಿಲ್ಲ, ನುಂಗಿಬಿಡುತ್ತವೆ. ಅದಕ್ಕೇ ಮಗುವನ್ನು ಆಸ್ಪತ್ರೆಯಲ್ಲಿ ಮಲಗಿಸಿ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಮೂಗಿನಿಂದ ನಳಿಗೆ ಇಳಿಸಿ ಹೊಟ್ಟೆಯ ನೀರು ತೆಗೆಯಬೇಕು. ನಂಜನಗೂಡಿನಲ್ಲಿದ್ದಾಗ ಹೀಗೊಂದು ಹೆಣ್ಣುಮಗು ಬಂತು. ಜೊತೆಗೆ ಅಜ್ಜಿ. ಮಗು ಎಷ್ಟು ಸೊರಗಿತ್ತೆಂದರೆ ಮೈಯಲ್ಲಿ ಕಣ್ಣೆರಡೇ ದೊಡ್ಡದಾಗಿ ಕಾಣುತ್ತಿದ್ದವು.

“ರಾತ್ರಿಯಿಂದ ಏನೂ ತಿನ್ನಿಸಿಲ್ಲ ತಾನೇ?” ಅಂತ ಡಾಕ್ಟರು ಕೇಳಿದರು.

“ನಮ್ಮಪ್ಪ ನಂಜುಂಡನ ಆಣೆಗೂ ಇಲ್ಲ ಸಾ.”

ನಳಿಗೆಯಲ್ಲಿ ಬಂದದ್ದು ಅನ್ನದ ಅಗುಳು, ಬೇಳೆ, ತುಪ್ಪ. ಡಾಕ್ಟರು ಕನ್ನಡಕ ಸರಿಮಾಡಿಕೊಂಡು ನೋಡಿದರು. “ಏನಜ್ಜಿ ಇದು? ಪೊಂಗಲ್ ಅಲ್ವಾ?”

ಅಜ್ಜಿ ಕೆನ್ನೆ ಕೆನ್ನೆ ಬಡಿದುಕೊಂಡಿತು. “ಬಿಡ್ತು ಅನ್ನಿ ಸಾ! ಪೊಂಗಲ್ ಅನ್ಬಾರ್ದು. ಪ್ರಸಾದ ಅದು.”

ಮಾರನೇ ದಿನ ಬಾಳೆಹಣ್ಣು ಬಂತು. ಅದೂ ಪ್ರಸಾದವೇ. ನಾನು ಗಂಟಲು ಹರಿಯುವಂತೆ ಕೂಗಾಡಿದೆ. ಕೊನೆಗೆ ನರ್ಸಮ್ಮ ಅಜ್ಜಿಯ ಚೀಲವನ್ನೇ ಕಿತ್ತಿಟ್ಟುಕೊಂಡ ಮೇಲೆ ಪರೀಕ್ಷೆ ನಡೆಯಿತು. ಮಗುವಿಗೆ ಟಿಬಿ ಇತ್ತು. ಮಗುವಿಗೆ ಇದು ತಾನಾಗಿ ಬರೋದಿಲ್ಲ, ಹತ್ತಿರದ ದೊಡ್ಡವರು ಯಾರೋ ಕೊಟ್ಟಿರಬೇಕು. ಅಜ್ಜಿ ಮಾತಿನ ನಡುವೆ ಕೆಮ್ಮುತ್ತಲೇ ಇತ್ತು. ಕಾರಣ ಹೇಳಿ, “ನಾಳೆ ನಿಮ್ಮ ಕಫ ಕೊಡಿ” ಅಂದೆ.

ಮಾರನೇ ದಿನ ಡಬ್ಬಿ ಕೊಟ್ಟ ಅಜ್ಜಿ ತಲೆ ಸುತ್ತಿ ಬೆಂಚಿನ ಮೇಲೆ ಕುಸಿಯಿತು. ಹಿಂದಿನ ದಿನದಿಂದ ನೀರೂ ಮುಟ್ಟಿಲ್ಲವಂತೆ. “ಅಯ್ಯೋ, ಕಫಕ್ಕೆ ಉಪವಾಸ ಬೇಡ, ಯಾರು ಹೇಳಿದ್ದು ನಿಮಗೆ?” ಅಂದರೆ, “ನನ್ನಿಂದ್ಲೇ ಮಗೀಗೆ ಬಂದದೆ ಅಂದ್ಮೇಲೆ ನಂಗ್ಯಾಕವ್ವಾ ಅನ್ನ?” ಅಂತ ಅತ್ತಿತು. ನನಗೂ ಕಣ್ಣು ತುಂಬಿತು. ಓಡಿಹೋಗಿ ಕ್ಯಾಂಟೀನಿನಿಂದ ಇಡ್ಲಿ ತಂದೆ. ಅಜ್ಜಿ ತಟ್ಟೆಯನ್ನು ಆಚೆ ತಳ್ಳಿತು.

“ಓಟ್ಲು ಇಡ್ಲಿ ಬ್ಯಾಡ ಕಣವ್ವ. ಆ ನರ್ಸಮ್ಮ ನನ್ ಚೀಲ ಮಡೀಕೊಂಡವ್ಳಲ್ಲ, ಅದ್ರಲ್ಲಿ ಪ್ರಸಾದ ಐತೆ.”

ಮೆಂತ್ಯದ ನೀರು

ನರಸೀಪುರದಲ್ಲಿ ಒಬ್ಬ ದಿನಸಿ ವ್ಯಾಪಾರಿ. ಹಣೆ ತುಂಬ ವಿಭೂತಿ, ಮೈ ತುಂಬ ಸಕ್ಕರೆ ಕಾಯಿಲೆ. ಆನೆಯಂತಿದ್ದ ಮನುಷ್ಯ ಇದ್ದಕ್ಕಿದ್ದಂತೆ ಇಳಿದುಹೋದರು. ಅಂಗಡಿಗೆ ಬಂದವರೆಲ್ಲ “ಏನ್ ಸಾವ್ಕಾರ್ರೆ, ಮದುಮಗ ಆದಂಗಾಗಿದೀರ!” ಅನ್ನೋದು, ಇವರು ಎದೆಯುಬ್ಬಿಸಿ “ಎಲ್ಲಾ ಮೆಂತ್ಯದ ನೀರಿನ ಮಹಿಮೆ ಕಣ್ರೀ” ಅನ್ನೋದು. ಬೊಜ್ಜಿನವರೆಲ್ಲ ಸೇರಿ ಅವರಂತೆಯೇ ಬೆಳಗೆದ್ದು ಮೆಂತ್ಯದ ನೀರು ಕುಡಿಯೋಕೆ ಶುರುಮಾಡಿದರು.

ಹೆಂಡತಿ ಬಲವಂತಕ್ಕೆ ಆಸ್ಪತ್ರೆಗೆ ಬಂದರು. ಎಕ್ಸ್‌ರೇ ನೋಡಿದ ಡಾಕ್ಟರು ಕಫಕ್ಕೆ ಕಳಿಸಿದರು. ಟಿಬಿ ಅಂದಾಗ ಸಾಹುಕಾರರು ಕುರ್ಚಿಯಿಂದ ಎದ್ದೇಬಿಟ್ಟರು.

“ಅದು ಬಡವ್ರ ಕಾಯ್ಲೆ ಮೇಡಂ! ನಾನು ಜಿಎಸ್‌ಟಿ ಕಟ್ಟೋನು!”

“ಸಕ್ಕರೆ ಕಾಯಿಲೆ ಇರೋರಿಗೆ ಬೇಗ ಬರುತ್ತೆ ಸ್ವಾಮಿ. ಅದು ನಿಮ್ಮ ಅಂಗಡಿ ನೋಡಿಕೊಂಡು ಬರಲ್ಲ.”

ಅವರು ಕೂತರು. ಆ ದೊಡ್ಡ ಶರ್ಟಿನೊಳಗೆ ಎಷ್ಟು ಚಿಕ್ಕವರಾಗಿದ್ದಾರೆ ಅಂತ ಆಗ ನನಗೆ ಕಾಣಿಸಿತು. ಹೆಂಡತಿ ಅವರ ಬೆನ್ನು ಸವರುತ್ತಿದ್ದರು. ಸಾಹುಕಾರರು ಅತ್ತಿತ್ತ ನೋಡಿ ಕೇಳಿಕೊಂಡರು.

“ಯಾರಿಗೂ ಬಾಯ್ಬಿಡ್ಬೇಡಿ ಮೇಡಂ, ಕೈ ಮುಗೀತೀನಿ. ಗೋಡೌನ್ ತುಂಬ ಮೆಂತ್ಯ ತರಿಸ್ಬಿಟ್ಟಿದೀನಿ.”

ಪೈಲ್ವಾನನ ಮರ್ಯಾದೆ

ಮುಡುಕುತೊರೆ ಕಡೆಯ ಒಬ್ಬ ತಾಯಿ ಮಗಳನ್ನು ಕರೆತಂದಳು. ಮಗಳಿಗೆ ಬಿಡದ ಕೆಮ್ಮು, ಸಂಜೆಯಾದರೆ ಜ್ವರ. ಮದುವೆಗೆ ಮಾತುಕತೆ ಮುಗಿದಿತ್ತು. ಹುಡುಗಿ ನಾಚಿಕೊಂಡು ಬರೀ ಉಗುಳು ಕೊಟ್ಟಳು. ಇನ್ನೊಂದು ಡಬ್ಬಿ ಕೊಟ್ಟು, ಬೆಳಗ್ಗೆ ಎದ್ದ ತಕ್ಷಣ ಕೆಮ್ಮಿ ತುಂಬಿಸಿ ಅಂದೆ.

ಮಾರನೇ ದಿನ ತಾಯಿ ತಂದ ಕಫ ಏನು ಕಫ ಅಂತೀರಿ! ಗಟ್ಟಿ, ಹಳದಿ, ಡಬ್ಬಿ ತುಂಬ. “ಭೇಷ್, ಹೀಗಿರಬೇಕು ನೋಡಿ” ಅಂದೆ. ತಾಯಿ ಹಿಗ್ಗಿದಳು.

ಪರೀಕ್ಷೆಯಲ್ಲಿ ಟಿಬಿ ಬಂತು. ಇಬ್ಬರನ್ನೂ ಕರೆಸಿ, “ಕಾಯಿಲೆ ಇದೆ ಕಣಮ್ಮ” ಅಂದೆ.

“ಇರಾಕಾಗಾಕಿಲ್ಲ!” ಅಂದಳು ತಾಯಿ.

“ಯಾಕಾಗಲ್ಲ?”

“ಅದು ಇವಳ್ದಲ್ಲ ಕಣವ್ವ. ಪಕ್ಕದ್ಮನೆ ಪೈಲ್ವಾನಣ್ಣಂದು! ಟಿಬಿ ಅಂತ ಗೊತ್ತಾದ್ರೆ ಗಂಡ್ನೋರು ಮುರ್ಕೊಂಡೋಯ್ತಾರೆ ಅಂತ, ಊರಿಗೇ ಗಟ್ಟಿ ಆಳು ಅಂತ, ಅವ್ನತ್ರ ಕಡ ಇಸ್ಕೊಂಡ್ ಬಂದೆ.”

ಕಾಫಿಪುಡಿ ಕಡ ತರೋದು ಗೊತ್ತು, ಬೆಲ್ಲ ಕಡ ತರೋದು ಗೊತ್ತು. ಕಫ ಕಡ ತಂದವಳನ್ನು ಅವತ್ತೇ ನೋಡಿದ್ದು. “ಮಗಳನ್ನ ಮದುವೆ ಮಾಡಿ ಕಳಿಸ್ತೀಯೋ, ಸಾಯೋಕೆ ಕಳಿಸ್ತೀಯೋ?” ಅಂತ ಕಿರುಚಿದೆ. ಹುಡುಗಿ ಎದ್ದು ಬಂದು ಕೈ ಚಾಚಿದಳು. “ನಂಗೊಂದು ಡಬ್ಬಿ ಕೊಡಿ ಮೇಡಮ್ಮ. ಅವ್ವನ ಕೈಗೆ ಕೊಡ್ಬೇಡಿ.” ಹಿಂದುಗಡೆ ಹೊಂಗೆ ಮರದ ಕೆಳಗೆ ನಿಂತು ಕೆಮ್ಮಿದಳು. ಅವಳಿಗೂ ಇತ್ತು.

ಯಾರಿಂದ ಯಾರಿಗೆ ಬಂತೋ ಆ ಶಿವನಿಗೇ ಗೊತ್ತು. ಹುಡುಗಿ ಮಾತ್ರೆ ಶುರುಮಾಡಿದಳು. ಗಂಡಿನ ಕಡೆಯವರು ಸುದ್ದಿ ಕೇಳಿ ಮುರಿದುಕೊಂಡರು. ಈಗ ಪೈಲ್ವಾನನಿಗೆ ಹೇಳಬೇಕಲ್ಲ, ಹೋದೆ. ಜಗಲಿ ಮೇಲೆ ಕಂಬದಂತೆ ಕೂತಿದ್ದ. ಕೆಮ್ಮು ಇತ್ತು, ಆದರೆ ಬೀಡಿ ಸೇದೋ ಗಂಡಸಿನ ಕೆಮ್ಮನ್ನು ಊರಲ್ಲಿ ಯಾರು ಲೆಕ್ಕಕ್ಕಿಡ್ತಾರೆ?

ಪೂರ್ತಿ ಕೇಳಿಸಿಕೊಂಡು ಮೀಸೆ ಸವರಿದ. “ಕಫ ನಾನು ಕೊಟ್ಟೆ, ದಿಟ. ಕೊಟ್ಮ್ಯಾಲೆ ಅದು ಅವರ್ದು. ಅದ್ರಾಗಿರೋ ಕಾಯ್ಲೆನೂ ಅವರ್ದೇ. ಕೊಟ್ಟಿದ್ದ ವಾಪಸ್ ಇಸ್ಕಳೋ ವಂಸ ಅಲ್ಲ ಮೇಡಮ್ಮ ನಮ್ದು.”

ಜಗಲಿ ಮೇಲಿದ್ದವರೆಲ್ಲ ತಲೆಯಾಡಿಸಿದರು. ಬೇಡಿದೆ, ಬಯ್ದೆ, ಮತ್ತೆ ಮತ್ತೆ ಹೋದೆ. ಹೋದಾಗಲೆಲ್ಲ ಎಳನೀರು ಕೊಟ್ಟು ಕಳಿಸಿದ, ಮಾತ್ರೆ ಮುಟ್ಟಲಿಲ್ಲ.

ಕೊನೆಗೆ ಅವನನ್ನು ಬಗ್ಗಿಸಿದ್ದು ಆ ಹುಡುಗಿಯೇ. ಅವನ ಮಾತ್ರೆಗಳನ್ನು ನನ್ನಿಂದ ಇಸ್ಕೊಂಡು ತಟ್ಟೆಯಲ್ಲಿಟ್ಟುಕೊಂಡು ಹೋಗಿ ಜಗಲಿ ಮುಂದೆ ನಿಂತಳು. “ಅಣ್ಣ, ನಮ್ಮವ್ವ ದಾನ ಇಸ್ಕೊಂಡಿರ್ಲಿಲ್ಲ, ಕಡ ಇಸ್ಕೊಂಡಿದ್ದು. ಕಡ ತೀರಿಸ್ತಾ ಇವ್ನಿ. ಬ್ಯಾಡ ಅಂದ್ರೆ ನಮ್ಮನೆ ಮರ್ವಾದೆ ಓಯ್ತದೆ.” ಪೈಲ್ವಾನ ಯೋಚಿಸಿದ. ಹೌದು, ನ್ಯಾಯವಾದ ಮಾತು ಅಂದ. ನುಂಗಿದ.

ಆದರೆ ತಡವಾಗಿತ್ತು. ಹೊರಗೆ ಕಂಬ, ಒಳಗೆ ಗೆದ್ದಲು. ಮಾತ್ರೆ ಮುಗಿಯೋ ಮೊದಲೇ ಹೋಗಿಬಿಟ್ಟ. ನಾನು ಹೋದ ಮೊದಲ ದಿನವೇ ನುಂಗಿದ್ದರೆ ಬದುಕುತ್ತಿದ್ದನೇನೋ, ನೆನೆದರೆ ಈಗಲೂ ಅವನ ಮೇಲೆ ಸಿಟ್ಟು ಬರುತ್ತೆ, ಅಳುವೂ ಬರುತ್ತೆ. ಹುಡುಗಿ ಒಡಹುಟ್ಟಿದವನಿಗೆ ಅತ್ತಂತೆ ಅತ್ತಳಂತೆ. ಅವಳು ಒಂದು ದಿನವೂ ತಪ್ಪಿಸದೆ ನುಂಗಿ ವಾಸಿಯಾದಳು.

ವಾಸಿಯಾದ ಸುದ್ದಿ ತಿಳಿದು ಗಂಡಿನ ಕಡೆಯವರು ಮತ್ತೆ ಬಂದರು. ಇನ್ನೊಂದು ಸಲ ಪರೀಕ್ಷೆ ಆಗಲಿ, ತಮ್ಮ ಮುಂದೆಯೇ ಆಗಲಿ ಅಂತ ಹುಡುಗ, ಅವನ ತಾಯಿ ಇಬ್ಬರೂ ನನ್ನ ಲ್ಯಾಬಿನ ಮುಂದೆ ಕಾದು ಕೂತರು. ಹುಡುಗಿ ಮರುಮಾತಿಲ್ಲದೆ ಅವರೆದುರೇ ಕೆಮ್ಮಿ ಕೊಟ್ಟಳು. “ಏನೂ ಇಲ್ಲ, ಪೂರ್ತಿ ವಾಸಿ” ಅಂತ ನಾನು ಹೇಳಿದಾಗ ಹುಡುಗನ ತಾಯಿ ಸಮಾಧಾನದಿಂದ ಸೆರಗು ಸರಿಮಾಡಿಕೊಂಡರು. “ಅಂಗಾರೆ ಲಗ್ನ ಕಟ್ಟಿಸ್ಬುಡಣ.”

ಹುಡುಗಿ ನನ್ನ ಮೇಜಿನ ಮೇಲಿಂದ ಒಂದು ಹೊಸ ಡಬ್ಬಿ ತೆಗೆದು ಹುಡುಗನ ಕೈಗೆ ಕೊಟ್ಟಳು.

“ಈಗ ನೀವು. ಇಲ್ಲೇ, ನನ್ನ ಕಣ್ಮುಂದೆ.”

ಹುಡುಗ ತಾಯಿಯ ಮುಖ ನೋಡಿದ. ತಾಯಿಗೆ ರೇಗಿತು. “ಏನಮ್ಮಣ್ಣಿ ಇದು? ನನ್ ಮಗಂಗೇನಾಗದೆ? ಕಲ್ಲುಗುಂಡಿನಂಗವ್ನೆ!”

“ನಮ್ಮ ಪೈಲ್ವಾನಣ್ಣನೂ ಅಂಗೇ ಇದ್ದ” ಅಂದಳು ಹುಡುಗಿ. ಹುಡುಗನ ಕಡೆ ತಿರುಗಿದಳು. “ಕೆಮ್ಮಿ.”