ಬಿಸಿಯ ವರ್ಗಾವಣೆ

೧೯೩೮ರ ಬೇಸಿಗೆಯಲ್ಲಿ ಶಿಗ್ಗಾಂವದ ಜನಸೌಖ್ಯ ಕಚೇರಿಗೆ ಸೌಖ್ಯ ಬಂದಿತು. ಮುಂಬಯಿಯಿಂದ ತರಿಸಿದ ಯಂತ್ರವೊಂದನ್ನು ಮುಖ್ಯಾಧಿಕಾರಿ ಕರಬಸಪ್ಪನವರ ಕೋಣೆಯ ಹಿಂಗೋಡೆಯಲ್ಲಿ ಕೂಡಿಸಲಾಯಿತು. ಗೋಡೆಯ ಆಚೆ ಹೊಳೆವ್ವ ಎಂಬ ವಿಧವೆಯ ಮನೆಯಿತ್ತು. ಇದು ಯಂತ್ರಕ್ಕೆ ಅನುಕೂಲವೆಂದು ಪರಿಗಣಿಸಲಾಯಿತು.

ಮಿಸ್ತ್ರಿ ದಿಲಾವರ ವಿವರಿಸಿದ: "ಇದು ಬಿಸಿ ಹುಟ್ಟಸೂದಿಲ್ರಿ ಸಾಹೇಬ್ರ, ಸಾಗಸ್ತೈತಿ. ಕೊಳವ್ಯಾಗಿನ ಗ್ಯಾಸು ನಿಮ್ಮ ಖೋಲಿ ಬಿಸಿ ಹೀರಿಕೋತೈತಿ. ಮಷೀನು ಆ ಗ್ಯಾಸ್ ಹಿಂಡಿ, ಬಿಸಿ ಆ ಕಡೆ ಬಿಡತೈತಿ. ಥಂಡಿ ದಿನದಾಗ ಈ ಹಿಡಿಕಿ ತಿರುವಿದ್ರ ಉಲ್ಟಾ. ಆ ಕಡೀದು ಈ ಕಡೆ ಬರತೈತಿ."

"ಅಂದ್ರ ವರ್ಗಾವಣೆ," ಎಂದರು ಕರಬಸಪ್ಪನವರು. ಅವರಿಗೆ ತಿಳಿದಿದ್ದ ವಿದ್ಯೆ ಅದೊಂದೇ.

ಆ ಬೇಸಿಗೆ ಸಾಹೇಬರು ಶಾಲು ಹೊದ್ದು ಕೆಲಸ ಮಾಡಿದರು. ಹೊಳೆವ್ವನ ಮನೆಯಲ್ಲಿ ಹಾಲು ಒಲೆ ಕಾಣುವ ಮೊದಲೇ ಒಡೆಯಿತು. ದೂರು ತಂದ ಆಕೆಗೆ, "ಸರಕಾರದ ಬಿಸಿ ಪುಕ್ಕಟೆ ಸಿಕ್ಕೈತಿ, ಮತ್ತೇನು ಬೇಕವಾ?" ಎಂದು ತಿಳಿಹೇಳಲಾಯಿತು.

ಚಳಿಗಾಲದಲ್ಲಿ ಹಿಡಿಕೆ ತಿರುಗಿತು. ಹೊಳೆವ್ವನ ಮಗಳು ಅಡಿವೆವ್ವ ಆಗಷ್ಟೇ ಹಡೆದು ಒಳಮನೆಯಲ್ಲಿ ಮಲಗಿದ್ದಳು. ಕೂಸಿನ ತುಟಿ ನೀಲಿಗಟ್ಟತೊಡಗಿತು. ಹೊಳೆವ್ವ ಅಳುತ್ತ ಕಚೇರಿಗೆ ಓಡಿಬಂದಳು.

"ಸಾಹೇಬ್ರ, ಕೂಸು ಥಂಡಿಗೆ ಸೆಟಿಯಾಕತ್ತೈತ್ರಿ! ಅಗ್ಗಿಷ್ಟಿಗಿ ಹಚ್ಚಿದ್ರ ಅದರ ಕಾವೂ ಗ್ವಾಡ್ಯಾಗ ಹೊಕ್ಕೊಂಡು ನಿಮ್ಮ ಕಡೆ ಬರಾಕತ್ತೈತಿ!"

"ಹೌದ? ಅದಕ್ಕ ನಿನ್ನಿಯಿಂದ ಖೋಲಿ ಭಾಳ ಬೆಚ್ಚಗೈತಿ. ಕಟಿಗಿ ಹಾಕೂದು ನಿಲ್ಲಸಬ್ಯಾಡವಾ."

"ಮಷೀನು ಬಂದ್ ಮಾಡ್ರಿ, ನಿಮ್ಮ ಕಾಲಿಗೆ ಬೀಳ್ತೇನಿ."

"ಬ್ಯಾಸಗ್ಯಾಗ ಕೊಟ್ಟದ್ದನ್ನ ಈಗ ಹೊಳ್ಳಿ ತಗೊಳ್ಳಾಕತ್ತೇವಿ. ತಕರಾರಿದ್ರ ವಿಚಾರಣೆ ಮಾಡೋಣು. ವಿಚಾರಣೆ ಮುಗಿಯೂತನಕ ತಕರಾರು ಮಾಡಿದವರು ಇದs ಖೋಲ್ಯಾಗ ಹಾಜರಿರಬೇಕು. ನಿಯಮ ಐತಿ."

ಹೊಳೆವ್ವ ಅಳು ನಿಲ್ಲಿಸಿ ಬೆಚ್ಚಗಿನ ಕೋಣೆಯನ್ನು ಸುತ್ತ ನೋಡಿದಳು. "ತಕರಾರು ನಂದಲ್ರಿ," ಎಂದಳು. "ಕೂಸಿಂದು."

ನಿಯಮದಲ್ಲಿ ವಯಸ್ಸಿನ ಮಾತಿರಲಿಲ್ಲ. ಸಾಹೇಬರ ಮೇಜಿನ ಮೇಲಿನ ತೊಲೆಗೆ ತೊಟ್ಟಿಲು ಕಟ್ಟಲಾಯಿತು. ಬಾಣಂತಿಗೆ ಕಪಾಟಿನ ಪಕ್ಕ ಹಾಸಿಗೆ ಆಯಿತು. ಸಂಜೆಯ ಹೊತ್ತಿಗೆ ಕೂಸಿನ ಮೈಗೆ ಕಳೆ ಬಂದು ಅದು ಗಟ್ಟಿಯಾಗಿ ಅತ್ತಿತು. ಅದನ್ನು ಹೇಳಿಕೆಯೆಂದು ಬರೆದುಕೊಂಡು, ಅರ್ಥ ಸ್ಪಷ್ಟವಿಲ್ಲದ ಕಾರಣ ವಿಚಾರಣೆಯನ್ನು ಮುಂದೂಡಲಾಯಿತು.

ಒಮ್ಮೆ ಸಾಹೇಬರು ಕೂಸಿನ ಪರವಾಗಿಯೇ ತೀರ್ಪು ಕೊಡಲು ಹೊರಟರು. ಹೊಳೆವ್ವ ಗಾಬರಿಯಾಗಿ ಕೈಮುಗಿದಳು. "ಈಗs ಬ್ಯಾಡ್ರೀ ಯಪ್ಪಾ! ಅದು ಇನ್ನೂ ಭಾಳ ಹೇಳೂದೈತಿ."

ಸುದ್ದಿ ತಿಳಿದು ಓಣಿಗೆ ಓಣಿಯೇ ತಕರಾರು ಹಿಡಿದು ಬಂತು. ಎಲ್ಲರಿಗೂ ಸಾಲುವಂತೆ ಯಂತ್ರವನ್ನು ದೊಡ್ಡದು ಮಾಡಲಾಯಿತು. ಅದು ಇನ್ನಷ್ಟು ಮನೆಗಳ ಬಿಸಿ ಹೀರಿತು. ಆ ಮನೆಯವರೂ ಬಂದರು. ಜನರಿಗೆ ಕಚೇರಿಯ ಮೇಲೆ ಇಷ್ಟೊಂದು ಪ್ರೀತಿ ಇದ್ದದ್ದು ಹಿಂದೆಂದೂ ಕಂಡಿಲ್ಲವೆಂದು ಕರಬಸಪ್ಪನವರು ಮೇಲಿನವರಿಗೆ ವರದಿ ಮಾಡಿದರು.

ಸಂತುಷ್ಟವಾದ ಸರಕಾರ ಹಂಸಭಾವಿಯ ಕಚೇರಿಗೂ ಒಂದು ಯಂತ್ರ ಮಂಜೂರು ಮಾಡಿತು. ಅಲ್ಲಿ ಗೋಡೆಗೆ ಹತ್ತಿದ ಮನೆಯವರು, ಯಂತ್ರ ಬರುವ ಮೊದಲೇ, ಹಾಸಿಗೆ ಸುತ್ತಿಕೊಂಡು ಬಂದು ಕಚೇರಿಯಲ್ಲಿ ಜಾಗ ಹಿಡಿದು ಮಲಗಿದರು.