ಡೂಪ್ಲಿಕೇಟ್ ಕೀ ಮತ್ತು ಹಿಂದಿನ ಸೀಟಿನ ಅಜ್ಜಿ

ಕೀಯನ್ನು ಕಾರಿನೊಳಗೇ ಬಿಟ್ಟು ಬಾಗಿಲು ಹಾಕಿ, ಗಾಜಿಗೆ ಮೂಗೊತ್ತಿ ಅದನ್ನೇ ನೋಡುತ್ತ ನಿಂತ ಗಂಡಸಿಗೆ ವಿನಯದ ಪಾಠವನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಹಾಗೆ ಮೂರು ಸಲ ನಿಂತಿದ್ದೇನೆ. ಮೂರನೆಯದು ಸಂಡೂರಿನ ಪೇಟೆಯ ನಡುವೆ. ಹಿಂದೆ ಅದಿರಿನ ಲಾರಿಗಳು ಸಾಲುಗಟ್ಟಿ ನನ್ನ ವಂಶದ ಬಗ್ಗೆ ಹಾರನ್ ಬಾರಿಸುತ್ತಿದ್ದವು. ಅಂದೇ ಹೆಂಡತಿ ಗಿರಿಜಾ ತೀರ್ಪು ಕೊಟ್ಟಳು: “ಇನ್ನೊಂದು ಕೀ ಮಾಡಸ್ರಿ. ಅದು ನನ್ನ ಪರ್ಸಿನ್ಯಾಗ ಇರಲಿ. ನಿಮ್ಮ ಕೈಯಾಗ ಬ್ಯಾಡ.”

ಹೊಸಪೇಟೆಯಲ್ಲಿ ಕೀ ಮಾಡುವ ಖಾದರ್ ಸಾಹೇಬರು ಅರ್ಧ ಗಂಟೆ ಅರದಿಂದ ಉಜ್ಜಿ, ಊದಿ, ಕೈಗಿತ್ತರು. “ಈ ಕೀ ಯಾವ ಗಾಡಿಗೂ ಹಟ ಮಾಡಂಗಿಲ್ರಿ ಸಾರ್.” ನಾನದನ್ನು ಕಸುಬಿನ ಹೆಮ್ಮೆ ಎಂದುಕೊಂಡೆ. ಅದು ಎಚ್ಚರಿಕೆಯಾಗಿತ್ತು.

ಮುಂದಿನ ಭಾನುವಾರವೇ ಹಂಪಿಯಲ್ಲಿ ಅಸಲಿ ಕೀ ಕಳೆದೆ. ಗಿರಿಜಾ ತನ್ನ ಪರ್ಸಿನ ಕೀ ಕೊಟ್ಟಳು, ಮಾತು ನಿಲ್ಲಿಸಿದಳು. ಕಡ್ಡಿರಾಂಪುರದ ಹೋಟೆಲಿನಲ್ಲಿ ಮಿರ್ಚಿ ಬಜ್ಜಿಯನ್ನೂ ಮೌನವಾಗಿಯೇ ತಿಂದೆವು. ಕೈ ತೊಳೆದು ಬರುವಷ್ಟರಲ್ಲಿ ಅವಳು ಮೇಜಿನ ಬಳಿ ಇರಲಿಲ್ಲ. ಹೊರಗೆ ಕಾರಿನ ಹಿಂದಿನ ಸೀಟಿನಲ್ಲಿ ತಲೆತುಂಬ ಸೆರಗು ಹೊದ್ದು ಕೂತಿದ್ದಳು. ಸಿಟ್ಟು ಇನ್ನೂ ಇಳಿದಿಲ್ಲ ಎಂದುಕೊಂಡು ಹತ್ತಿದೆ. ಗಣಿಯ ಭರಾಟೆಯ ಆ ವರ್ಷಗಳಲ್ಲಿ ನಮ್ಮ ಕಡೆಯ ಕಾರುಗಳೆಲ್ಲ ಒಂದೇ ಕೆಂಪು ಧೂಳಿನ ಬಣ್ಣ ಎಂಬುದನ್ನು ಓದುಗರು ದಯವಿಟ್ಟು ನೆನಪಿಡಬೇಕು. ಕೀ ಹಟ ಮಾಡಲಿಲ್ಲ.

ಒಂದು ಮೈಲಿ ಹೋದ ಮೇಲೆ ಧೈರ್ಯ ಮಾಡಿ, ರಸ್ತೆ ನೋಡುತ್ತಲೇ ಹೇಳಿದೆ: “ತಪ್ಪು ನಂದ. ತಪ್ಪಾತು. ಇನ್ನ ಮ್ಯಾಲೆ ನೀ ಹೇಳಿದಂಗ ಕೇಳ್ತೀನಿ.”

“ಚಲೋ ಮಾತು,” ಎಂದಿತು ಹಿಂದಿನಿಂದ ಎಂಬತ್ತರ ಧ್ವನಿ. “ಆದ್ರ ನೀ ಯಾರಪ್ಪ?”

ಕಾರು ತಿರುಗಿಸಿದ್ದು ಹೇಗೋ ನೆನಪಿಲ್ಲ. ಹೋಟೆಲಿನ ಮುಂದೆ ಅಜ್ಜಿಯ ಮಗ, ಗಾದಿಗನೂರಿನ ಲಾರಿ ಮಾಲೀಕ, ತೋಳು ಮಡಚಿ ರಸ್ತೆಗೇ ಅಡ್ಡ ನಿಂತಿದ್ದ. ಬಾಗಿಲು ತೆರೆದು ನನ್ನ ಕಾಲರ್ ಹಿಡಿದ. “ನಮ್ಮವ್ವನ್ನ ಎತ್ತಿಕೊಂಡು ಹೊಂಟಿದ್ಯೇನಲೇ?”

“ಬಿಡಲೇ ಅವನ್ನ!” ಅಜ್ಜಿ ಗದರಿದಳು. “ನಿನ್ನಂಗ ರಸ್ತೆ ಗುಂಡ್ಯಾಗ ಗಾಡಿ ಎಗರಿಸಲಿಲ್ಲ. ಮ್ಯಾಲೆ ತಪ್ಪಾತು ಅಂತ ತಾನ ಹೇಳ್ಯಾನ. ನೀ ಯಾವತ್ತರ ಹಂಗ ಅಂದೀಯೇನು?”

ಮಗ ಕಾಲರ್ ಬಿಟ್ಟ. ನನ್ನ ಕೀಯನ್ನೂ ತನ್ನ ಕಾರನ್ನೂ ಒಂದೆರಡು ಸಲ ನೋಡಿ, ಅವ್ವನನ್ನು ಕರೆದುಕೊಂಡು ಹೋದ.

ಗಿರಿಜಾ ಹೋಟೆಲಿನೊಳಗೆ ಅದೇ ಮೇಜಿನ ಬಳಿ, ಹೊಸ ಪ್ಲೇಟಿನ ಮುಂದೆ ಕೂತಿದ್ದಳು. ಕಾಲರ್ ಸರಿಪಡಿಸಿಕೊಳ್ಳುತ್ತ ಕೇಳಿದೆ, “ನಿನ್ನ ಬಿಟ್ಟು ಹೊಂಟಿದ್ದು ಕಾಣಲಿಲ್ಲೇನು?”

“ಕಾಣ್ತು,” ಎಂದಳು. “ಇನ್ನೊಂದು ಪ್ಲೇಟ್ ಹೇಳಿ ಬರಾಕತ್ತಿದ್ದೆ, ಕೂಗಬೇಕಂತಿದ್ದೆ. ಅಷ್ಟರಾಗ ಬಿಸಿ ಮಿರ್ಚಿ ಬಂತು.”