ರಟ್ಟಿನ ಕೀಲಿಕೈ

"ಇವನ ಮುಖ ನೋಡಿದ ತಕ್ಷಣ ಅಂಗಡಿಯವನು ಬೆಲೆ ಏರಿಸ್ತಾನೆ ಮಾವ! ಇವನೇನಾದ್ರೂ ಕಾರು ಕೊಳ್ಳೋಕೆ ಹೋದ್ರೆ ಹಾರನ್ನಿಗೊಂದು ದುಡ್ಡು, ಹಾರನ್ ಸದ್ದಿಗೊಂದು ದುಡ್ಡು ಕೊಟ್ಟು ಬರ್ತಾನೆ!"

ಕನ್ನಡಕದಂಗಡಿಯ ಷಡ್ಡಕ ಈ ಮಾತನ್ನು ಮನೆಯೊಳಗೆ ಆಡಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಆಡಿದ್ದು ನಡುಬೀದಿಯಲ್ಲಿ. ತನ್ನ ಹೊಸ ಕಾರಿನ ಬಾನೆಟ್ಟಿಗೆ ಒರಗಿಕೊಂಡು, ಮಾವ, ಅತ್ತೆ, ಅಕ್ಕತಂಗಿಯರಿಬ್ಬರು, ಕಾರು ನೋಡಲು ಬಂದ ಅರ್ಧ ಬೀದಿ, ಎಲ್ಲರೂ ಕೇಳುವಂತೆ. ಬೀದಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹೆಂಡತಿ ಮಾತ್ರ ನಗಲಿಲ್ಲ, ನೆಲ ನೋಡಿದಳು. ಆ ಏಟು ನಗುವಿಗಿಂತ ಜೋರಾಗಿ ಬಿತ್ತು.

ಏಟು ತಿಂದವನು ಸೀಟು ಹೊಲಿಯುವವನು. ಕಸುಬಿನಿಂದ ಬಂದ ಅಡ್ಡಹೆಸರು ಸೂಜಿ. ಮಾವನ ಮನೆಯಲ್ಲೂ ಅದೇ ನಿಂತುಬಿಟ್ಟಿತ್ತು. ಬೆಳಗಾದರೆ ಯಾರದೋ ಕಾರಿನೊಳಗೆ ಮಂಡಿಯೂರಿ ಕೂತು, ಫೋಮು ತುರುಕಿ, ರೆಕ್ಸಿನ್ ಎಳೆದು ಕಟ್ಟಿ, ಬೆನ್ನು ಹಿಡಿದುಕೊಂಡು ಹೊರಗೆ ಬರುವುದು ಅವನ ಬದುಕು. ಊರಿನ ಅರ್ಧ ಕಾರುಗಳಲ್ಲಿ ಅವನು ಕೂತಿದ್ದ. ಒಂದಾದರೂ ಅವನನ್ನು ಕೂರಿಸಿಕೊಂಡು ಒಂದಡಿ ಮುಂದೆ ಹೋಗಿರಲಿಲ್ಲ. ಷಡ್ಡಕ ತಿಂಗಳ ಹಿಂದೆ ಕೊಂಡು, ಅಂದು ಮೊದಲ ಸಲ ಮಾವನ ಬೀದಿಗೆ ತಂದಿದ್ದ ಈ ಕಾರಿಗೂ ಬೆಳಿಗ್ಗೆ ತಾನೆ ಕವರು ಹಾಕಿದ್ದು ಅವನೇ. ಬಿಟ್ಟಿ. "ಮನೆಯವರ ಹತ್ರ ಎಂಥಾ ಲೆಕ್ಕಾಚಾರ?" ಅಂದಿದ್ದ ಷಡ್ಡಕ.

ಮಾವನದು ಇನ್ನೊಂದು ಉರಿ. ಮೂವತ್ತು ವರ್ಷ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಈಗಲೂ ಸೂಜಿಯನ್ನು ಕಂಡರೆ ಟಿಕೆಟ್ಟಿಲ್ಲದೆ ಹತ್ತಿದವನನ್ನು ನೋಡಿದ ಹಾಗೆ ನೋಡುತ್ತಿದ್ದರು. ದೊಡ್ಡಳಿಯನಿಗೆ "ಅಳಿಯಂದ್ರೇ, ಬನ್ನಿ, ಕೂತ್ಕೊಳ್ಳಿ." ಇವನಿಗೆ "ಬಂದ್ಯಾ? ಚಪ್ಪಲಿ ಆಚೆ ಬಿಡು." ಒಂದು ಸಲ, ಒಂದೇ ಒಂದು ಸಲ, ಆ ಬಾಯಲ್ಲಿ 'ಭೇಷ್' ಅನ್ನಿಸಿಕೊಂಡರೆ ಸತ್ತರೂ ಚಿಂತೆಯಿಲ್ಲ ಅಂತ ಸೂಜಿಯ ಆಸೆ.

"ಬೋರ್ಡಿನ ಬೆಲೆಗಿಂತ ಪೂರ್ತಿ ಒಂದು ಲಕ್ಷ ಕಡಿಮೆ!" ಮಾವ ಬೀದಿಗೆಲ್ಲ ಸಾರುತ್ತಿದ್ದರು. "ಚೌಕಾಸಿ ಅಂದ್ರೆ ನಮ್ಮ ದೊಡ್ಡಳಿಯಂದ್ರದ್ದು. ಅಂದಹಾಗೆ ಅಳಿಯಂದ್ರೇ, ನನ್ನ ಕಾರಿನ ವಿಷ್ಯ ಏನಾಯ್ತು? ಅದೇ ರೇಟಿಗೆ ಕೊಡಿಸ್ತೀನಿ ಅಂದಿದ್ರಲ್ಲ. ಬ್ಯಾಂಕಿಂದ ದುಡ್ಡು ತೆಗೆದಿಟ್ಟು ತಿಂಗಳಾಯ್ತು."

ಷಡ್ಡಕ ಕನ್ನಡಕ ತೆಗೆದು ಒರೆಸಿದ. ಈ ಪ್ರಶ್ನೆ ಬಂದಾಗಲೆಲ್ಲ ಅವನ ಕನ್ನಡಕಕ್ಕೆ ಧೂಳು ಹತ್ತುತ್ತಿತ್ತು. "ಆ ಮ್ಯಾನೇಜರ್ ರಜೆ ಮೇಲೆ ಹೋಗಿದಾನೆ ಮಾವ, ಬಂದ್ಬಿಡ್ಲಿ" ಅಂದವನು ಮಾತು ತಿರುಗಿಸಲು ಆಚೀಚೆ ನೋಡಿದ. ಎದುರಿಗೆ ಸೂಜಿ ಸಿಕ್ಕಿದ. ಬಡವರ ಮನೆ ಬಾಗಿಲು, ಯಾರು ಬೇಕಾದರೂ ಒದೆಯಬಹುದು. ಹಾಗೆ ಬಂತು ಆ ಹಾರನ್ನಿನ ಮಾತು.

ಸೂಜಿಯ ಹೊಟ್ಟೆಯೊಳಗೆ ಯಾರೋ ಒಲೆ ಹೊತ್ತಿಸಿ ಊದತೊಡಗಿದರು. ತಾನು ಹೊಲಿದ ಸೀಟು, ಅದರ ಮೇಲೆ ಕೂರುವ ಕುಂಡೆ ಆ ಮನುಷ್ಯನದು!

"ನಾನೂ ಕಾರು ತಗೋತೀನಿ" ಅಂದ. "ಇದೇ ಕಾರು. ಇವತ್ತೇ. ಭಾವನಿಗಿಂತ ಕಡಿಮೆಗೆ."

"ರೀ, ಸುಮ್ನಿರಿ" ಅಂದಳು ಹೆಂಡತಿ. ಅಂಗಡಿಗೆ ಇನ್ನೊಂದು ಹೊಲಿಗೆ ಮಷಿನು ತರಲು ಕೂಡಿಟ್ಟ ದುಡ್ಡು ಅವಳ ಕಣ್ಣ ಮುಂದೆಯೇ ರೆಕ್ಕೆ ಕಟ್ಟಿಕೊಂಡು ಹಾರಿತು.

"ಹೋಗ್ಲಿ ಬಿಡಮ್ಮ, ಗಾಜಿನಾಚೆ ನಿಂತು ನೋಡಿ ಬರ್ತಾನೆ" ಅಂದರು ಮಾವ.

ಪಕ್ಕದ ಮನೆಯ ನಲ್ಲಿ ರಿಪೇರಿಯವನು ಗುಂಪನ್ನು ಸೀಳಿಕೊಂಡು ಮುಂದೆ ಬಂದ. ಯಾರ ಮನೆ ಜಗಳವಾದರೂ ಕರೆಯದೆ ಬರುವವನು. ನಲ್ಲಿ ಸೋರಿದಾಗ ಮಾತ್ರ ಹತ್ತು ಸಲ ಕರೆದರೂ ಬಾರದವನು. "ನಡಿಯೋ ಸೂಜಿ, ನಾನಿದೀನಿ. ಚೌಕಾಸಿ ನನಗೆ ನೀರು ಕುಡ್ದ ಹಾಗೆ."

ದಾರಿಯುದ್ದಕ್ಕೂ ಪಾಠವಾಯಿತು. "ಮೊದಲನೇದು, ಕಾರು ಇಷ್ಟ ಆಯ್ತು ಅಂತ ಮುಖದಲ್ಲಿ ಕಾಣ್ಬಾರ್ದು. ಎರಡನೇದು, ಅವರು ಒಪ್ಪಲಿಲ್ಲ ಅಂದ್ರೆ ಎದ್ದು ಹೊರಟುಬಿಡು. ತಿರುಗಿ ನೋಡ್ಬೇಡ. ಬಾಗಿಲು ಮುಟ್ಟೋದ್ರೊಳಗೆ 'ಸಾರ್, ಸಾರ್' ಅಂತ ಓಡಿ ಬರ್ತಾರೆ. ಎದ್ದು ಹೋಗೋನಿಗೇ ಬೆಲೆ ಕಣೋ."

ಶೋರೂಮಿನೊಳಗೆ ಎಷ್ಟು ತಂಪಿತ್ತೆಂದರೆ ಸೂಜಿಯ ಹೊಟ್ಟೆಯುರಿ ಕೂಡ ಒಂದು ಗಳಿಗೆ ನಡುಗಿತು. ಅದೇ ಕಾರು ಅಲ್ಲಿ ದೀಪದ ಕೆಳಗೆ ಮದುಮಗಳಂತೆ ನಿಂತಿತ್ತು. ಪಾಠ ನೆನಪಾಗಿ ಅವನು ಮುಖ ಕಿವುಚಿಕೊಂಡ. ಟೈ ಕಟ್ಟಿದ ಸೇಲ್ಸ್‌ನವನು ಓಡಿ ಬಂದ. "ಸಾರ್, ಹಲ್ಲುನೋವಾ? ನೀರು ತರಿಸ್ಲಾ?"

"ಕಾರು ಏನೂ ಚೆನ್ನಾಗಿಲ್ಲ" ಅಂದ ಸೂಜಿ. "ಆದ್ರೂ ತಗೋತೀನಿ. ಬೋರ್ಡಿನ ಬೆಲೆಗಿಂತ ಒಂದು ಲಕ್ಷದ ಹತ್ತು ಸಾವಿರ ಕಡಿಮೆಗೆ."

ಸೇಲ್ಸ್‌ನವನು ಒಳ್ಳೆಯ ಹಾಸ್ಯ ಕೇಳಿದವನಂತೆ ನಕ್ಕ. ಎದುರಿನವರು ನಗದೇ ಇದ್ದದ್ದು ಕಂಡು ನಗುವನ್ನು ಟೈಯೊಳಗೆ ಮಡಚಿಟ್ಟುಕೊಂಡ. "ಸಾರ್, ಆ ಬೆಲೆಗೆ ಕೊಟ್ರೆ ನನ್ನನ್ನ ಇವತ್ತೇ ಮನೆಗೆ ಕಳಿಸ್ತಾರೆ. ನಿಮಗಾಗಿ ಅಂತ ಎರಡು ಸಾವಿರ ಬಿಡಿಸ್ಬಹುದು."

ನಲ್ಲಿಯವನು ಮೊಣಕೈಯಿಂದ ತಿವಿದ. ಸೂಜಿ ಎದ್ದ. ಬಾಗಿಲ ಕಡೆಗೆ ನಡೆದ. ನಿಧಾನವಾಗಿ ನಡೆದ. ಕರೆಯುವವನಿಗೆ ಅವಕಾಶ ಸಿಗಲಿ ಎಂದು ಇನ್ನೂ ನಿಧಾನವಾಗಿ, ಕಾಲು ಸುಟ್ಟ ಆಮೆಯಂತೆ ನಡೆದ. ಯಾರೂ ಕರೆಯಲಿಲ್ಲ. ಕಾವಲುಗಾರ ಬಾಗಿಲು ತೆರೆದು ಸಲಾಮು ಹೊಡೆದ.

ಹೊರಗೆ ಸುಡುಬಿಸಿಲಿನಲ್ಲಿ ಇಬ್ಬರೂ ನಿಂತರು. "ಬರ್ತಾರೆ, ತಾಳು" ಅಂದ ನಲ್ಲಿಯವನು. ಗಾಜಿಗೆ ಮೂಗು ಒತ್ತಿ ನೋಡಿದರೆ ಸೇಲ್ಸ್‌ನವನು ಬೇರೆ ಗಿರಾಕಿಗೆ ಕಾಫಿ ಕೊಡುತ್ತಿದ್ದ. ಕೊನೆಗೆ ಸೂಜಿಯೇ ಒಳಗೆ ಹೋಗಿ, "ಕೊಡೆ ಮರ್ತಿದ್ದೆ" ಅಂದ.

ಅವನು ಕೊಡೆ ತಂದೇ ಇರಲಿಲ್ಲ. ಆದರೆ ಶೋರೂಮಿನವರು ಸಜ್ಜನರು. ಮೂರು ಜನ ಸೋಫಾಗಳ ಕೆಳಗೆ ತಲೆ ಹಾಕಿ ಹುಡುಕಿದರು. ನಾಚಿಕೆಗೆ ಅವನೂ ಮಂಡಿಯೂರಿ ಹುಡುಕಿದ. ಹುಡುಕುತ್ತಲೇ "ಎಂಬತ್ತು ಸಾವಿರ ಬಿಡ್ತೀರಾ?" ಎಂದು ಸೋಫಾದ ಕೆಳಗಿನಿಂದಲೇ ಕೇಳಿದ. ಆಚೆ ಬದಿಯಿಂದ ಸೇಲ್ಸ್‌ನವನ ತಲೆ ಅಡ್ಡಡ್ಡ ಆಡಿತು.

ಎರಡನೇ ಸಲ ಎದ್ದು ಹೋದ. ಕಾವಲುಗಾರ ಮೊದಲೇ ಬಾಗಿಲು ತೆರೆದಿಟ್ಟುಕೊಂಡಿದ್ದ. ಹೋಗುವವರನ್ನು ಇಷ್ಟು ಮರ್ಯಾದೆಯಿಂದ ಸಾಗಹಾಕುವ ಅಂಗಡಿಯನ್ನು ಸೂಜಿ ಜನ್ಮದಲ್ಲಿ ಕಂಡಿರಲಿಲ್ಲ. ಮರಳಿ ಬಂದಾಗ "ಕೊಡೆ ಇನ್ನೂ ಸಿಕ್ಕಿಲ್ಲ ಸಾರ್" ಅಂದರು. ಮೂರನೇ ಸಲ ಎದ್ದಾಗ ರೋಷದಿಂದ ಮುಂದೆ ನಡೆದ ನಲ್ಲಿಯವನು ಗಾಜನ್ನೇ ಬಾಗಿಲೆಂದು ತಿಳಿದು ಹಣೆ ಬಡಿಸಿಕೊಂಡು ಅಲ್ಲೇ ಕೂತ. ಅವನಿಗೆ ಐಸು ತರಿಸಿದರು. ಐಸು ಬಂತು, ಬೆಲೆ ಇಳಿಯಲಿಲ್ಲ.

ಸೂಜಿಗೆ ತಡೆಯದಾಯಿತು. ಮೇಜು ಗುದ್ದಿದ. "ಕನ್ನಡಕದಂಗಡಿಯವರಿಗೆ ಒಂದು ಲಕ್ಷ ಬಿಟ್ಟಿದೀರಿ! ನನ್ನ ಹಣೇ ಮೇಲೇನು ದಡ್ಡ ಅಂತ ಬರ್ದಿದೆಯಾ? ನನ್ನ ದುಡ್ಡೇನು ದುಡ್ಡಲ್ವಾ?"

"ಕನ್ನಡಕದಂಗಡಿಯವರಾ?" ಸೇಲ್ಸ್‌ನವನ ಮುಖ ಅರಳಿತು. ಗೋಡೆಯ ಕಡೆ ಕೈ ತೋರಿಸಿದ. ಅಲ್ಲಿ ಚೌಕಟ್ಟು ಹಾಕಿದ ಫೋಟೋದಲ್ಲಿ ಷಡ್ಡಕ, ಆಳೆತ್ತರದ ರಟ್ಟಿನ ಕೀಲಿಕೈಯೊಂದನ್ನು ಅಪ್ಪಿಕೊಂಡು ನಿಂತಿದ್ದ. ಕೆಳಗೆ 'ನಮ್ಮ ಮೆಚ್ಚಿನ ಗ್ರಾಹಕರು' ಎಂದಿತ್ತು. "ಅಂಥವರು ತಿಂಗಳಿಗೊಬ್ಬರು ಬಂದ್ರೆ ಈ ಕಟ್ಟಡದ ಮೇಲೆ ಇನ್ನೊಂದು ಮಹಡಿ ಏರಿಸ್ತೀವಿ ಸಾರ್. ಬೆಲೇನೇ ಕೇಳ್ಲಿಲ್ಲ. ಬೋರ್ಡಿನಲ್ಲಿ ಇದ್ದದ್ದು ಪೂರ್ತಿ ಕೊಟ್ರು, ಬೇಗ ಬೇಕು ಅಂತ ಮೇಲೊಂದಷ್ಟು ಕೊಟ್ರು. ಮನೇಲಿ ಮಾತ್ರ ಯಾರಿಗೂ ಹೇಳ್ಬೇಡಿ ಅಂದ್ರು." ಅಂದವನು ನಾಲಗೆ ಕಚ್ಚಿಕೊಂಡ.

ಸೂಜಿಯ ಕಿವಿಯೊಳಗೆ ಸಕ್ಕರೆ ಸುರಿದಂತಾಯಿತು. ಇನ್ನೊಂದು ಸಲ ಹೇಳಿಸಿ ಕೇಳಿದ. ಮತ್ತೊಂದು ಸಲ ಕೇಳಿದ. ಹೊಟ್ಟೆಯೊಳಗಿನ ಒಲೆ ಆರಿ, ಅಲ್ಲಿ ತಂಗಾಳಿ ಬೀಸತೊಡಗಿತು. ಆ ಖುಷಿಯಲ್ಲಿ ಚೌಕಾಸಿಯೇ ಮರೆತುಹೋಗಿ, ಎರಡು ಸಾವಿರ ಕಡಿಮೆಗೇ ಒಪ್ಪಿ, ಮಷಿನಿಗೆಂದು ಕೂಡಿಟ್ಟ ದುಡ್ಡನ್ನೇ ಮುಂಗಡವಾಗಿ ಎಣಿಸಿಕೊಟ್ಟು, ಉಳಿದದ್ದಕ್ಕೆ ಸಾಲದ ಕಾಗದಕ್ಕೆ ಸಹಿ ಹಾಕಿದ. ಕಾರು ಮುಂದಿನ ವಾರ ಬರುವುದೆಂದಾಯಿತು.

"ಏನಾದ್ರೂ ಫ್ರೀ ಕೊಡ್ಲೇಬೇಕು!" ಐಸು ಒತ್ತಿಕೊಂಡೇ ನಲ್ಲಿಯವನು ಹಟ ಹಿಡಿದ. ಕೊಡಲು ಏನೂ ಕಾಣದೆ ಸೇಲ್ಸ್‌ನವನು ಫೋಟೋಗೆಂದು ಮೂಲೆಯಲ್ಲಿಟ್ಟಿದ್ದ ಹಳೆಯ ರಟ್ಟಿನ ಕೀಲಿಕೈ ಎತ್ತಿ ಕೊಟ್ಟ.

ಬಸ್ಸಿನಲ್ಲಿ ಕಂಡಕ್ಟರು ಅದಕ್ಕೂ ಅರ್ಧ ಟಿಕೆಟ್ ಹರಿದ. ಸೂಜಿ ನಗುನಗುತ್ತಾ ಕೊಟ್ಟ. ಅವನ ತಲೆಯಲ್ಲಿ ಒಂದೇ ಮಾತು ಓಡುತ್ತಿತ್ತು: ಮಾವ, ನಿಮ್ಮ ದೊಡ್ಡಳಿಯ ಪೂರ್ತಿ ಬೆಲೆ ಕೊಟ್ಟು, ಮೇಲೆ ಕಾಣಿಕೆಯನ್ನೂ ಕೊಟ್ಟು ಬಂದಿದಾನೆ, ನಾನು ಎರಡು ಸಾವಿರ ಇಳಿಸಿ ತಂದಿದೀನಿ. ಹೇಳಿ ಈಗ, ಯಾರು ದಡ್ಡ?

ಬೀದಿಯಲ್ಲಿ ಸಂಜೆಯ ಗುಂಪು ಇನ್ನೂ ಕರಗಿರಲಿಲ್ಲ. ಕೀಲಿಕೈ ಹೆಗಲ ಮೇಲೆ ಹೊತ್ತು ಬರುವ ಅವನನ್ನು ಕಂಡು ಜನ ದಾರಿ ಬಿಟ್ಟರು.

"ಬಂದ್ಯಾ? ಎಷ್ಟಕ್ಕೆ ಸುಲಿದು ಕಳಿಸಿದ್ರು?" ಅಂದರು ಮಾವ.

ಸೂಜಿ ಬಾಯಿ ತೆರೆದ. ಷಡ್ಡಕನ ಕಣ್ಣು ಕೀಲಿಕೈ ಮೇಲೆ ಬಿತ್ತು. ಅದು ಯಾವ ಅಂಗಡಿಯದೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗಬಕ್ಕನೆ ನಡುವೆ ಬಾಯಿ ಹಾಕಿದ. "ಈಗ ನೋಡ್ತಿರಿ ಮಾವ. ತಾನು ಮೋಸ ಹೋಗಿ ಬಂದು, ಹೊಟ್ಟೆಕಿಚ್ಚಿಗೆ ನನ್ನ ಮೇಲೇ ಕಥೆ ಕಟ್ತಾನೆ. ಭಾವಾನೂ ಪೂರ್ತಿ ಬೆಲೆ ಕೊಟ್ಟಿದಾರೆ ಅಂದ್ರೂ ಅಂದ!"

ಬೀದಿ ಗೊಳ್ಳೆಂದಿತು. ಸೂಜಿಯ ನಾಲಗೆಯ ತುದಿಗೆ ಬಂದಿದ್ದ ಸತ್ಯ ಅಲ್ಲೇ ಉಸಿರುಗಟ್ಟಿ ಸತ್ತಿತು. ಇನ್ನು ಅದನ್ನು ಹೇಳಿದರೆ ತಾಯಾಣೆ ಇಟ್ಟರೂ ಯಾರೂ ನಂಬುವುದಿಲ್ಲ. ಹೆಂಡತಿ ಮತ್ತೆ ನೆಲ ನೋಡತೊಡಗಿದ್ದಳು. ಒಲೆ ಭಗ್ಗನೆ ಹೊತ್ತಿಕೊಂಡಿತು. ಎಲುಬಿಲ್ಲದ ನಾಲಗೆ, ತನ್ನಷ್ಟಕ್ಕೆ ತಾನೇ ಹೊರಳಿತು.

"ಒಂದೂವರೆ ಲಕ್ಷ ಕಡಿಮೆ" ಅಂದ ಸೂಜಿ.

ಬೀದಿ ಒಂದು ಹೆಜ್ಜೆ ಮುಂದೆ ಬಂತು. ನಲ್ಲಿಯವನಿಗೆ ಕೆಮ್ಮು ಬಂತು. "ಎರಡು ಸಾ..." ಅನ್ನುವಷ್ಟರಲ್ಲಿ ಸೂಜಿ ಕೀಲಿಕೈಯ ತುದಿಯನ್ನು ಅವನ ಕಾಲ ಮೇಲೆ ಊರಿದ.

ಷಡ್ಡಕ ಸೂಜಿಯನ್ನು ನೋಡಿದ. ಸೂಜಿ ಷಡ್ಡಕನನ್ನು ನೋಡಿದ. ಇಡೀ ಬೀದಿಯಲ್ಲಿ ಅದು ಸುಳ್ಳೆಂದು ಗೊತ್ತಿದ್ದವರು ಅವರಿಬ್ಬರೇ, ಕಾಲು ಉಜ್ಜಿಕೊಳ್ಳುತ್ತಿದ್ದ ನಲ್ಲಿಯವನನ್ನು ಬಿಟ್ಟರೆ. ಷಡ್ಡಕ ಈಗ ಸಿಡಿಯುತ್ತಾನೆ ಎಂದುಕೊಂಡ ಸೂಜಿ. ಅವನು ಸಿಡಿಯಲಿಲ್ಲ. ಎರಡೂ ಕೈ ಚಾಚಿ ಬಂದು ಸೂಜಿಯನ್ನು ಅಪ್ಪಿಕೊಂಡ.

"ಸೋತೆ ಮಾವ, ಸೋತೆ! ಎಲ್ಲರೆದುರಿಗೂ ಒಪ್ಕೋತೀನಿ. ಇನ್ಮೇಲೆ ಈ ಮನೇಲಿ ಚೌಕಾಸಿ ಅಂದ್ರೆ ಇವನೇ. ಇವನ ಮುಂದೆ ನಾನು ಎಷ್ಟರವನು?"

ಹೆಂಡತಿ ತಲೆ ಎತ್ತಿದಳು. ಅಕ್ಕನ ಕಡೆ ನೋಡಿದಳು, ಆ ನೋಟಕ್ಕೆ ಅಕ್ಕ ಕಿಟಕಿಯಷ್ಟು ಬಾಯಿ ತೆರೆದಳು. ಮಾವ ಮೆಟ್ಟಿಲಿಳಿದು ಬಂದು ಸೂಜಿಯ ಬೆನ್ನು ಚಪ್ಪರಿಸಿದರು. "ಭೇಷ್! ಭೇಷ್ ಅಳಿಯಂದ್ರೇ! ಯಾಕೆ ನಿಂತ್ಬಿಟ್ರಿ? ಕೂತ್ಕೊಳ್ಳಿ. ಏಯ್, ಚಿಕ್ಕಳಿಯಂದ್ರಿಗೆ ಕುರ್ಚಿ ತನ್ನಿ!"

ಸೂಜಿ ಕುರ್ಚಿಯಲ್ಲಿ ಕೂತ. ಕೀಲಿಕೈ ರಾಜದಂಡದ ಹಾಗೆ ಪಕ್ಕದಲ್ಲಿತ್ತು. ಆ ಕುರ್ಚಿಯ ಹೊಲಿಗೆ ಬಿಚ್ಚಿದ್ದು ಕೂಡ ಅಂದು ಅವನ ಕಣ್ಣಿಗೆ ಬೀಳಲಿಲ್ಲ.

ಮಾವ ಒಳಗೆ ಹೋಗಿ ಒಂದು ಚೀಲ ಹಿಡಿದು ಬಂದರು. ಅದರಿಂದ ನೋಟಿನ ಕಟ್ಟೊಂದನ್ನು ತೆಗೆದು ಅತ್ತೆಯ ಕೈಗಿಟ್ಟರು. "ಈ ಐವತ್ತು ಸಾವಿರ ಉಳೀತು ಕಣೇ. ದೊಡ್ಡಳಿಯಂದ್ರ ರೇಟಿಗೆ ಅಂತ ತೆಗೆದಿಟ್ಟಿದ್ದೆ. ಇದ್ರಲ್ಲಿ ಮನೆಗೆ ಸುಣ್ಣಬಣ್ಣ ಮಾಡಿಸೋಣ." ಉಳಿದ ಚೀಲವನ್ನು ಸೂಜಿಯ ತೊಡೆಯ ಮೇಲೆ ಇಟ್ಟರು. "ಒಂದೂವರೆ ಲಕ್ಷ ಕಳೆದು ಸರಿಯಾಗಿದೆ, ಎಣಿಸ್ಕೊಳ್ಳಿ. ನಾಳೆ ಬೆಳಿಗ್ಗೇನೇ ನನ್ನ ಕಾರು ಮಾತಾಡಿ ಮುಗಿಸ್ಬಿಡಿ. ನಾನು ಬರಲ್ಲಪ್ಪ, ನನ್ನ ಮುಖ ನೋಡಿದ್ರೆ ಬೆಲೆ ಏರಿಸಿಬಿಟ್ಟಾರು!"

ಬೀದಿ ನಕ್ಕಿತು. ಸೂಜಿಯೂ ನಗಲು ನೋಡಿದ. ಶೋರೂಮಿನಲ್ಲಿ ಬಂದ ಹಲ್ಲುನೋವೇ ಮತ್ತೆ ಬಂತು. ಹೆಂಡತಿಯ ಕಡೆ ತಿರುಗಿದ. ಮದುವೆಯಾದಂದಿನಿಂದ ಅವಳು ಅವನನ್ನು ಹಾಗೆ ನೋಡಿರಲಿಲ್ಲ. ಆ ನೋಟದ ಮುಂದೆ ನಿಜ ಹೇಳುವ ಗಂಡ ಇನ್ನೂ ಹುಟ್ಟಿರಲಿಲ್ಲ.

ಷಡ್ಡಕ ಕಿವಿಯ ಹತ್ತಿರ ಬಾಗಿದ. ಕನ್ನಡಕ ಫಳಫಳ ಹೊಳೆಯುತ್ತಿತ್ತು, ಒಂದು ಚೂರೂ ಧೂಳಿರಲಿಲ್ಲ. "ತಿಂಗಳಿಂದ ನಿದ್ದೆ ಇರ್ಲಿಲ್ಲ ಕಣಯ್ಯ" ಎಂದು ಪಿಸುಗುಟ್ಟಿದ. "ನಿನ್ನ ಹೊಟ್ಟೆ ತಣ್ಣಗಿರ್ಲಿ. ನಿಜ ಹೇಳು, ಎಷ್ಟು ಬಿಟ್ರು?"

ಸೂಜಿ ಎದ್ದ. ಒಂದು ಕೈಯಲ್ಲಿ ಚೀಲ, ಹೆಗಲ ಮೇಲೆ ರಟ್ಟಿನ ಕೀಲಿಕೈ. ನಡೆಯತೊಡಗಿದ.

"ಅಳಿಯಂದ್ರೇ, ಎಲ್ಲಿಗೆ? ಕಾಫಿ ಬರ್ತಿದೆ!" ಮಾವ ಕರೆದರು. "ರೀ!" ಹೆಂಡತಿ ಕರೆದಳು. "ಸೂಜಿ, ನಮ್ಗೂ ಒಂದು ಅದೇ ರೇಟಿಗೆ ಕೊಡ್ಸೋ!" ಎದುರು ಮನೆಯವರು ಕರೆದರು.

ಬೆಳಿಗ್ಗೆಯಿಂದ ಮೂರು ಸಲ ಎದ್ದು ಹೋದಾಗ ಒಬ್ಬ ನರಪಿಳ್ಳೆಯೂ ಕರೆದಿರಲಿಲ್ಲ. ಈಗ ಇಡೀ ಬೀದಿಯೇ ಹಿಂದಿನಿಂದ ಕೂಗುತ್ತಿತ್ತು. ಸೂಜಿ ತಿರುಗಿ ನೋಡಲಿಲ್ಲ, ನಡೆಯುತ್ತಲೇ ಹೋದ.